ನಮ್ಮ ತಂದೆಯವರ ಬೈಸಿಕಲ್ಲು

ಹಳೆಯ ವಸ್ತುಗಳ ವಿಷಯದಲ್ಲಿ ಗೃಹಸ್ಥರೊಳಗೆ ಎರಡು ಪಂಗಡಗಳುಂಟು. ಒಂದು ಪಂಗಡದವರು ಮುರಿದುದನ್ನು ಆ ದಿನವೇ ಹೊರಕ್ಕೆ ಹಾಕಿ ಮನೆಯನ್ನು ಹಗುರ ಮಾಡಿಕೊಳ್ಳುವರು. ಇನ್ನೊಂದು ಪಂಗಡದವರು ‘ಇರಲಿ, ಎಂದಾದರೂ ಉಪಯೋಗಕ್ಕೆ ಬಂದೀತು’ ಎಂದು ಮೂಲೆಯಲ್ಲಿಟ್ಟು, ಆ ‘ಎಂದಾದರೂ’ ಬರುವುದಕ್ಕೆ ಮೊದಲೇ ತಾವು ಹೊರಟುಹೋಗುವರು. ನಮ್ಮ ಮನೆತನವು ಎರಡನೆಯ ಪಂಗಡಕ್ಕೆ ಸೇರಿದುದು. ಆದುದರಿಂದಲೇ ಹೊಸಪೇಟೆಯ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ, ಒಡೆದ ಒರಳು, ಕಾಲು ಹೋದ ಮಣೆ, ತಳವಿಲ್ಲದ ಹಂಡೆ ಇವುಗಳ ಹಿಂದೆ ನಮ್ಮ ತಂದೆಯವರ ಬೈಸಿಕಲ್ಲು ಗೋಡೆಗೆ ಒರಗಿಕೊಂಡು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಿಂತಿತ್ತು. 1991ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ಏರಿದವರಿಲ್ಲ. ಮಾರಬೇಕೆಂದು ಹೇಳಿದವರೂ ಇಲ್ಲ.

ಕಳೆದ ಮಳೆಗಾಲದಲ್ಲಿ ಆ ಕೋಣೆಯ ಮಣ್ಣಿನ ಮಾಳಿಗೆ ಸೋರತೊಡಗಿತು. ನಮ್ಮ ಸೀಮೆಯ ಮಾಳಿಗೆಯ ಮನೆಗಳ ಗುಣವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ: ಬೇಸಗೆಯಲ್ಲಿ ತಾಯಿಯಂತೆ ತಂಪು, ಮಳೆಗಾಲದಲ್ಲಿ ಸಾಲಗಾರನಂತೆ ಕಾಟ. ಸಾಮಾನುಗಳನ್ನೆಲ್ಲ ಅಂಗಳಕ್ಕೆ ಸಾಗಿಸುವಾಗ ಬೈಸಿಕಲ್ಲೂ ಬೆಳಕಿಗೆ ಬಂದಿತು. ಟೈರುಗಳು ಹೊಟ್ಟಾಗಿದ್ದುವು, ಸೀಟಿನ ತೊಗಲು ಹಪ್ಪಳದಂತೆ ಮಡಿಚಿಕೊಂಡಿತ್ತು, ಮಡ್‌ಗಾರ್ಡಿನಲ್ಲಿ ಹೆಗ್ಗಣ ಗೂಡು ಮಾಡಿತ್ತು. ಆದರೆ ಮುಂದಿನ ಹಲ್ಲುಚಕ್ರದ ನಡುವೆ, ಉಕ್ಕಿನಲ್ಲಿಯೇ ಕೊರೆದು ಮಾಡಿದ ಮೂರು ಕೊಕ್ಕರೆಯ ತಲೆಗಳು ಮಾತ್ರ, ತುಕ್ಕು ಹಿಡಿದಿದ್ದರೂ ಕೊರಳನ್ನು ನೀಳಮಾಡಿಕೊಂಡು ಹಾಗೆಯೇ ಇದ್ದುವು.

ಈ ಕೊಕ್ಕರೆಗಳ ಕಥೆಯನ್ನು ಕೇಳಿಯೇ ನಾವು ಬೆಳೆದವರು. ನಮ್ಮ ತಾತನವರು ಕಂಪ್ಲಿಯ ಕಡೆ ಕಾಲುವೆಯ ಕೆಳಗೆ ಕಬ್ಬು ಬೆಳೆಯುತ್ತಿದ್ದರು. ವಿಜಯನಗರದ ಅರಸರು ತುಂಗಭದ್ರೆಯಿಂದ ತೋಡಿಸಿದ ಆ ಕಾಲುವೆಗಳು ಇಂದಿಗೂ ಹರಿಯುತ್ತಿರುವುದನ್ನು ವಾಚಕರು ನೋಡಿರಬಹುದು. ನಮ್ಮ ತಂದೆಯವರಿಗೆ ಮಲ್ಲಾಪುರದಲ್ಲಿ ಅಣೆಕಟ್ಟೆಯ ಕೆಲಸದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ದೊರೆಯಿತು. 1945ರಲ್ಲಿ ಆ ಕಟ್ಟೆಗೆ ಅಸ್ತಿಭಾರವಾಗಿತ್ತು. ಕೆಲಸವು ಆಗ ಮೆಲ್ಲಮೆಲ್ಲನೆ ಸಾಗಿತ್ತು. ದಿನವೂ ಮೂರು ಮೈಲಿ ನಡೆದು ಹೋಗಿ ಮೂರು ಮೈಲಿ ನಡೆದು ಬರುವ ಮಗನನ್ನು ನೋಡಲಾರದೆ ತಾತನವರು 1948ರಲ್ಲಿ ಒಂದು ಗಾಡಿ ಬೆಲ್ಲವನ್ನು ಮಾರಿ, ಬಂದ ಹಣದಲ್ಲಿ ಹೊಸ ರ‍್ಯಾಲಿ ಬೈಸಿಕಲ್ಲನ್ನು ಕೊಡಿಸಿದರಂತೆ. ಆಗ ನಮ್ಮ ದೇಶದಲ್ಲಿ ಬೈಸಿಕಲ್ಲಿನ ಕಾರಖಾನೆಗಳು ಬೆರಳೆಣಿಕೆಯಷ್ಟು. ಮದರಾಸಿನ ಟಿ.ಐ. ಸೈಕಲ್ಸ್ ಹುಟ್ಟಿದುದು 1949ರಲ್ಲಿ; ಲೂಧಿಯಾನದ ಹೀರೋ 1956ರಲ್ಲಿ. ಒಳ್ಳೆಯ ಬೈಸಿಕಲ್ಲೆಂದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದುದು. ಅದರಲ್ಲಿಯೂ ನಾಟಿಂಗ್‌ಹ್ಯಾಂ ಪಟ್ಟಣದ ರ‍್ಯಾಲಿ ಎಂದರೆ ಕುದುರೆಗಳಲ್ಲಿ ಅರಬ್ಬಿ ಇದ್ದಂತೆ. ತಾತನವರು ವರ್ಷಕ್ಕೊಮ್ಮೆ ಚೈತ್ರದಲ್ಲಿ ಹಂಪಿಯ ವಿರೂಪಾಕ್ಷನ ತೇರಿಗೆ ಗಾಡಿ ಕಟ್ಟಿಕೊಂಡು ಬಂದು, ನಮ್ಮ ಮನೆಯಲ್ಲಿ ಇಳಿದು, ಮೊದಲು ಬೈಸಿಕಲ್ಲಿನ ಹತ್ತಿರ ಹೋಗಿ ಆ ಕೊಕ್ಕರೆಯ ಕೊರಳಿನ ಮೇಲೆ ಬೆರಳಾಡಿಸಿ, ಆಮೇಲೆ ಕಾಲು ತೊಳೆಯುತ್ತಿದ್ದರಂತೆ. ಅವರಿಗೆ ಕಣ್ಣಿನ ಪೊರೆ ಬಂದು ದೃಷ್ಟಿ ಮಂದವಾಗಿತ್ತು.

ಅಂಗಳಕ್ಕೆ ಬಂದ ಬೈಸಿಕಲ್ಲನ್ನು ನೋಡಿ, ಬೆಂಗಳೂರಿನಲ್ಲಿರುವ ನಮ್ಮ ಅಣ್ಣನಿಗೆ ಅದರ ಚಿತ್ರವನ್ನು ಕಳುಹಿಸಿದೆನು. ಅಣ್ಣನು ಅದನ್ನು ಹಳೆಯ ವಾಹನಗಳನ್ನು ಕೂಡಿಹಾಕುವ ಶ್ರೀಮಂತರೊಬ್ಬರಿಗೆ ತೋರಿಸಿದನು. ಅವರಿಂದ ಬಂದ ಉತ್ತರ ನಮ್ಮನ್ನು ಬೆರಗುಗೊಳಿಸಿತು: ಅದು 1948ರ ರ‍್ಯಾಲಿಯೇ ನಿಜವಾಗಿದ್ದು, ಭಾಗಗಳೆಲ್ಲ ಮೂಲದವೇ ಆಗಿದ್ದರೆ, ನಮ್ಮ ಮಾಳಿಗೆಯನ್ನು ತೆಗೆದು ಹೊಸದಾಗಿ ಹಾಕಿಸುವಷ್ಟು ಹಣವನ್ನು ಕೊಡಲು ಅವರು ಸಿದ್ಧರಾಗಿದ್ದರು. “ಬೇಗ ರಿಪೇರಿ ಮಾಡಿಸಿ, ಬಣ್ಣ ಹೊಡೆಸಿಬಿಡು” ಎಂದು ಅಣ್ಣನು ದೂರವಾಣಿಯಲ್ಲಿ ಅಪ್ಪಣೆ ಕೊಟ್ಟನು. ಸೋರುವ ಮಾಳಿಗೆಯ ಕೆಳಗೆ ನಿಂತಿದ್ದ ನನಗೂ ಅದು ಸರಿಯೆಂದೇ ತೋರಿತು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸೈಕಲ್ ಶಾಪುಂಟು. ಅದರ ಯಜಮಾನರಾದ ಸಾಹೇಬರಿಗೆ ಎಪ್ಪತ್ತು ದಾಟಿದೆ. ಹತ್ತನೆಯ ವಯಸ್ಸಿನಿಂದ ಪಂಕ್ಚರು ಹಾಕಿದ ಕೈ. ನಾನು ಬಣ್ಣದ ಮಾತೆತ್ತಿದೊಡನೆ ಅವರು ತಲೆಯಾಡಿಸಿದರು. “ಮಾಸ್ತರೇ, ಬಣ್ಣ ಕಡೆಗೆ. ಮೊದಲು ಇದು ಯಾರ ಮಗ ಅಂತ ತಿಳಕೊಳ್ಳೋಣ. ಬಣ್ಣ ಹೊಡೆದ ಮೇಲೆ ಎಲ್ಲಾ ಸೈಕಲ್ಲೂ ಒಂದೇ” ಎಂದರು.

ಹಳೆಯ ಬೈಸಿಕಲ್ಲಿನ ಕುಲಗೋತ್ರವನ್ನು ತಿಳಿಯುವ ಕ್ರಮವನ್ನು ನಾನು ಅಂದು ಅವರಿಂದ ಕಲಿತೆನು. ಹಿತ್ತಲಲ್ಲಿ ಇಂಥ ಆಸ್ತಿಯುಳ್ಳ ವಾಚಕರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಮೊದಲು ನೋಡಬೇಕಾದುದು ಹ್ಯಾಂಡಲಿನ ಕೆಳಗಿನ ಕೊಳವೆಗೆ ಹೊಡೆದಿರುವ ಕಂಪೆನಿಯ ಬಿಲ್ಲೆ. ನಮ್ಮದರಲ್ಲಿ ಬಿಲ್ಲೆ ಹೋಗಿ ಎರಡು ತೂತುಗಳು ಮಾತ್ರ ಉಳಿದಿದ್ದುವು. ಅನಂತರ ಚೌಕಟ್ಟಿನ ಮೇಲೆ ಒತ್ತಿರುವ ಸಂಖ್ಯೆ. ನಮ್ಮದರಲ್ಲಿ ಅದನ್ನು ತುಕ್ಕು ತಿಂದಿತ್ತು. ಮೂರನೆಯದು ಮುಂದಿನ ಹಲ್ಲುಚಕ್ರ. ರ‍್ಯಾಲಿಯದರಲ್ಲಿ ಕೊಕ್ಕರೆಯ ತಲೆಗಳಿರುವುವು, ಬಿ.ಎಸ್.ಎ. ಕಂಪೆನಿಯದರಲ್ಲಿ ಆ ಮೂರು ಅಕ್ಷರಗಳೇ ಇರುವುವು. ರಡ್ಜ್‌ಗೆ ಅಂಗೈಯ ಗುರುತು. ನಮ್ಮ ಕೊಕ್ಕರೆಗಳನ್ನು ತೋರಿಸಿ ನಾನು ಗೆದ್ದವನಂತೆ ನಕ್ಕೆನು. ಸಾಹೇಬರು ನಗಲಿಲ್ಲ. “ಇದು ಬಿಚ್ಚಿ ಹಾಕೋ ಭಾಗ. ಟೋಪಿ ನೋಡಿ ಜಾತಿ ಹೇಳಬಾರದು” ಎಂದರು.

ಆಮೇಲೆ ಹಿಂದಿನ ಗಾಲಿಯ ಹಬ್ಬನ್ನು ಸೀಮೆಯೆಣ್ಣೆಯ ಬಟ್ಟೆಯಿಂದ ಒರಸಿದರು. ಅದು ಮೂರು ವೇಗದ ಸ್ಟರ್ಮಿ-ಆರ್ಚರ್ ಹಬ್ಬು. ನಾಟಿಂಗ್‌ಹ್ಯಾಮಿನಲ್ಲಿಯೇ 1902ರಲ್ಲಿ ಹುಟ್ಟಿದ ಕಂಪೆನಿಯದು; ಎ.ಡಬ್ಲ್ಯು. ಎಂಬ ಈ ಮಾದರಿ 1936ರಲ್ಲಿ ಬಂದಿತು. ಒಳಗೆ ಅಚ್ಚಿಗೆ ಬಿಗಿದಿರುವ ಒಂದು ಸಣ್ಣ ಹಲ್ಲುಚಕ್ರ, ಅದರ ಸುತ್ತ ಸೂರ್ಯನನ್ನು ಗ್ರಹಗಳು ಸುತ್ತುವಂತೆ ಸುತ್ತುವ ನಾಲ್ಕು ಚಕ್ರಗಳು. ಹ್ಯಾಂಡಲಿನ ಹತ್ತಿರದ ಸಣ್ಣ ಸನ್ನೆಯನ್ನು ಸರಿಸಿದರೆ ಗಾಲಿಯ ವೇಗ ನಡುವಿನದಕ್ಕಿಂತ ಕಾಲು ಭಾಗ ಇಳಿಯುವುದು, ಇಲ್ಲವೆ ಮೂರನೆಯ ಒಂದು ಭಾಗ ಏರುವುದು. ನಮ್ಮ ಬೈಸಿಕಲ್ಲಿಗೆ ಮುಂದೆ 48 ಹಲ್ಲು, ಹಿಂದೆ 18. ಪೆಡಲು ಒಂದು ಸುತ್ತು ಬಂದರೆ ನಡುವಿನ ವೇಗದಲ್ಲಿ ಸುಮಾರು 6 ಮೀಟರು, ಇಳಿಸಿದರೆ ನಾಲ್ಕೂವರೆ, ಏರಿಸಿದರೆ 8 ಮೀಟರು ಸಾಗುವುದು. ಈ ಹಬ್ಬುಗಳ ಹೊಟ್ಟೆಯ ಮೇಲೆ ಅವು ಹುಟ್ಟಿದ ವರ್ಷವನ್ನು ಒತ್ತಿರುವರು. ಸಾಹೇಬರು ಕನ್ನಡಕವನ್ನು ಹಣೆಗೇರಿಸಿ ಓದಿದರು: 51, ಅದರ ಮಗ್ಗುಲಲ್ಲಿ 3. ಎಂದರೆ 1951ನೆಯ ಇಸವಿ, ಮಾರ್ಚಿ.

1948ರಲ್ಲಿ ಕೊಂಡ ಬೈಸಿಕಲ್ಲಿನಲ್ಲಿ 1951ರ ಹಬ್ಬು ಹೇಗಿದ್ದೀತು? ಗಾಲಿಯನ್ನು ಬದಲಾಯಿಸಿರಬಹುದೆಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆನು.

ಮರುವಾರ ಪೆಡಲಿನ ತೋಳುಗಳನ್ನು ಬಿಚ್ಚುವ ಕೆಲಸ. ಅವುಗಳನ್ನು ಹಿಡಿದಿರುವ ಕಾಟರ್ ಪಿನ್ನುಗಳು ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಆತುರದಿಂದ ಸುತ್ತಿಗೆಯಲ್ಲಿ ಬಡಿದರೆ ಬಾಗಿ, ಒಳಗಿನ ಗುಂಡುಗಳ ದಾರಿಯೂ ಕೆಡುವುದು. ಸಾಹೇಬರು ನಾಲ್ಕು ದಿನ ಎಣ್ಣೆಯುಣಿಸಿ, ತೋಳಿನ ಕೆಳಗೆ ಕಬ್ಬಿಣದ ಕೊಳವೆಯ ತುಂಡನ್ನು ಊರೆ ಕೊಟ್ಟು, ಒಂದೇ ಪೆಟ್ಟಿಗೆ ಪಿನ್ನನ್ನು ಹೊರಡಿಸಿದರು. ಒಳಗಿನ ಕಪ್ಪು ಸವೆದಿತ್ತು. ಅವರು ತಮ್ಮ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ರ‍್ಯಾಲಿಯ ಕಪ್ಪೊಂದನ್ನು ತೆಗೆದು ತಿರುಗಿಸಿದರು. ಅದು ಒಂದು ಸುತ್ತು ಹೋಗಿ ನಿಂತಿತು. ಅವರ ಕೈಯೂ ನಿಂತಿತು. “ಮಾಸ್ತರೇ, ಈ ಮರೆ ರ‍್ಯಾಲಿಯದಲ್ಲ.”

ಕಾರಣವೇನೆಂದರೆ, ರ‍್ಯಾಲಿಯವರು ಆ ಜಾಗದಲ್ಲಿ ಅಂಗುಲಕ್ಕೆ 26 ಸುತ್ತುಗಳ ಮರೆಯನ್ನು ಕೊರೆಯುತ್ತಿದ್ದರು. ಉಳಿದ ಇಂಗ್ಲಿಷ್ ಕಂಪೆನಿಗಳು ಸಾಮಾನ್ಯವಾಗಿ 24. ಒಂದು ಇನ್ನೊಂದಕ್ಕೆ ಕೂಡುವುದಿಲ್ಲ. ಬಿಲ್ಲೆಯನ್ನು ಕಿತ್ತು ಬೇರೆ ಹಾಕಬಹುದು, ಹಲ್ಲುಚಕ್ರವನ್ನು ಬದಲಾಯಿಸಬಹುದು. ಚೌಕಟ್ಟಿನ ಹೊಟ್ಟೆಯೊಳಗೆ ಕೊರೆದ ಮರೆ ಸುಳ್ಳು ಹೇಳದು. ಸಾಹೇಬರು ಎಣ್ಣೆ ಹಚ್ಚಿದ ಅತಿ ನುಣುಪಾದ ಮರಳುಕಾಗದದಿಂದ ಮುಂಗೊಳವೆಯ ಬಣ್ಣವನ್ನು ಪದರಪದರವಾಗಿ ಉಜ್ಜತೊಡಗಿದರು. ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೆ ಕಪ್ಪು. ಆ ಹಳೆಯ ಕಪ್ಪಿನ ಮೇಲೆ ಮಸುಕಾಗಿ, ತುದಿಗಳನ್ನು ಕೂಡಿಸಿ ನಿಲ್ಲಿಸಿದ ಮೂರು ಬಂದೂಕುಗಳು ಮೂಡಿದುವು. ಅದು ಬರ್ಮಿಂಗ್‌ಹ್ಯಾಂ ಪಟ್ಟಣದ ಬಿ.ಎಸ್.ಎ. ಕಂಪೆನಿಯ ಮುದ್ರೆ. 1861ರಲ್ಲಿ ಬಂದೂಕು ಮಾಡುವವರು ಕೂಡಿ ಕಟ್ಟಿದ ಕಂಪೆನಿಯಾದುದರಿಂದ ಬೈಸಿಕಲ್ಲಿಗೂ ಬಂದೂಕಿನ ಗುರುತು.

ಹೀಗೆ ನಮ್ಮ ಮನೆತನದ ರ‍್ಯಾಲಿಯು ಒಂದು ಮಧ್ಯಾಹ್ನದಲ್ಲಿ ರ‍್ಯಾಲಿಯಾಗಿರುವುದನ್ನು ಬಿಟ್ಟಿತು. ಚೌಕಟ್ಟು ಬಿ.ಎಸ್.ಎ., ಕೊಕ್ಕರೆ ರ‍್ಯಾಲಿಯದು, ಹಬ್ಬು 1951ರದು, ಮುಂದಿನ ರಿಮ್ಮು ನಮ್ಮ ದೇಶದ್ದೇ. ಮನೆಗೆ ಬರುವಾಗ ನನ್ನ ಮನಸ್ಸಿನಲ್ಲಿ ಹಣ ಹೋದ ದುಃಖಕ್ಕಿಂತ ಬೇರೊಂದು ಸಂಕಟವಿತ್ತು. ತಂದೆಯವರು ಸುಳ್ಳು ಹೇಳುವವರಲ್ಲ. ಮೂರು ಕಾಸಿನ ಲೆಕ್ಕ ತಪ್ಪಿದರೆ ರಾತ್ರಿಯೆಲ್ಲ ಎದ್ದು ಕುಳಿತಿರುವವರು. ಅವರು ಮೂವತ್ತು ವರ್ಷ ‘ಇದು ಅಪ್ಪ ಕೊಡಿಸಿದ್ದು’ ಎಂದುದೇನು?

ನಮ್ಮ ತಾಯಿಯವರಿಗೆ ಈಗ ತೊಂಬತ್ತಮೂರು. ಕಿವಿ ಸ್ವಲ್ಪ ಮಂದ, ನೆನಪು ಚುರುಕು. ನಾನು ಮೆಲ್ಲನೆ ವಿಷಯವನ್ನು ತಿಳಿಸಿದೆನು. ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು, “ಇಷ್ಟು ದಿನಕ್ಕೆ ಗೊತ್ತಾಯ್ತಾ?” ಎಂದರು.

“ನಿನಗೆ ಗೊತ್ತಿತ್ತೇನವ್ವ?”

“ಗೊತ್ತಿಲ್ಲದೆ ಏನು? ಅದನ್ನ ಮಾರಿದ್ದು ನೀನು ಹುಟ್ಟಿದಾಗ. ಮೂರು ದಿನ ಆದರೂ ನೀನು ಬರಲಿಲ್ಲ. ಬಳ್ಳಾರಿಗೆ ಕರಕೊಂಡು ಹೋಗ್ರಿ, ಇಲ್ಲಿ ಆಗೋದಿಲ್ಲ ಅಂದರು. ಮನೆಯಾಗ ಮಾರೋ ಅಂಥಾದ್ದು ಅದೊಂದೇ ಇತ್ತು.”

ಅದು 1952ನೆಯ ಇಸವಿ. ತಂದೆಯವರು ಬೈಸಿಕಲ್ಲನ್ನು ಮಾರಿದುದು ಒಂದು ಬೆಳಗಿನಲ್ಲಿ. ಅದನ್ನು ತಮ್ಮ ತಂದೆಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಮುಂದಿನ ವರ್ಷದ ತೇರಿಗೆ ತಾತನವರು ಬಂದಾಗ ‘ರಿಪೇರಿಗೆ ಕೊಟ್ಟಿದೆ’ ಎಂದರಂತೆ. ಆಮೇಲೆ ಸಂಜೆಯ ಹೊತ್ತು ಒಂದು ಸೈಕಲ್ ಶಾಪಿನ ಲೆಕ್ಕ ಬರೆಯುವ ಕೆಲಸವನ್ನು ಹಿಡಿದು, ಸಂಬಳಕ್ಕೆ ಬದಲಾಗಿ ತಿಂಗಳಿಗೊಂದು ಹಳೆಯ ಭಾಗವನ್ನು ಪಡೆಯುತ್ತಿದ್ದರು. ಒಂದು ತಿಂಗಳು ಚೌಕಟ್ಟು, ಒಂದು ತಿಂಗಳು ಹ್ಯಾಂಡಲ್ಲು. ಯಾರಿಗೂ ರಿಪೇರಿ ತಿಳಿಯದೆ ಮೂಲೆಗೆ ಬಿದ್ದಿದ್ದ ಮೂರು ವೇಗದ ಹಬ್ಬನ್ನು ಮನೆಗೆ ತಂದು, ರಾತ್ರಿ ದೀಪದ ಮುಂದೆ ಬಿಚ್ಚಿ, ತಾವೇ ಸರಿಪಡಿಸಿದರು. “ಎಲ್ಲಕ್ಕಿಂತ ಮೊದಲು ತಂದದ್ದು ಆ ಕೊಕ್ಕರೆ ಚಕ್ರ” ಎಂದರು ತಾಯಿಯವರು. “ಟವಲ್ಲಿನಾಗ ಸುತ್ತಿಕೊಂಡು ಬಂದಿದ್ದರು. ಸೈಕಲ್ಲೇ ಇಲ್ಲ, ಬರೀ ಚಕ್ರ ತಂದರಲ್ಲ ಅಂತ ನಾನು ನಕ್ಕೆ. ಅಪ್ಪನ ಬೆರಳಿಗೆ ಸಿಗಬೇಕಾದದ್ದು ಇದೇ ಅಲ್ಲೇನು ಅಂದರು.” 1954ರ ತೇರಿನ ಹೊತ್ತಿಗೆ ಬೈಸಿಕಲ್ಲು ಸಿದ್ಧವಾಗಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಭಾನುವಾರ, ಬಸ್ಸು ಹತ್ತಿ ಹಂಪಿಗೆ ಹೋದೆನು. ಮನಸ್ಸು ಕದಡಿದಾಗ ಅಲ್ಲಿಗೆ ಹೋಗುವುದು ನಮ್ಮ ಊರಿನವರ ರೂಢಿ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಬಹಳ ಹೊತ್ತು ಕುಳಿತಿದ್ದೆನು. ಆ ರಥದ ಮೇಲೆ ಒಂದು ಕಾಲದಲ್ಲಿ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ, ಈಗ ಇಲ್ಲ. ಮಹಾಮಂಟಪದಲ್ಲಿ ಬಿರುಕುಬಿಟ್ಟ ತೊಲೆಗಳಿಗೆ ಆಮೇಲಿನ ಕಾಲದವರು ಊರೆಯಾಗಿ ಕೊಟ್ಟ ಬೋಳು ಕಂಬಗಳುಂಟು. ಕುಸುರಿಯ ಕಂಬಗಳ ನಡುವೆ ಅವು ಕಣ್ಣಿಗೆ ಒಡೆದು ಕಾಣುತ್ತವೆ. ನಾನೂ ಅನೇಕ ಸಲ ಅವುಗಳನ್ನು ಹಳಿದಿದ್ದೆನು. ಅಂದು ಮಾತ್ರ ಬೇರೆ ತೋರಿತು. ಕಟ್ಟಿದವನ ಕೈ ಒಂದಾದರೆ ಬೀಳದಂತೆ ಹಿಡಿದವನ ಕೈ ಇನ್ನೊಂದು. ಆ ಎರಡನೆಯ ಕೈಯನ್ನು ಅಳಿಸಿದರೆ ಮೊದಲನೆಯದೂ ಉಳಿಯಲಾರದು.

ಸಂಜೆ ಮನೆಗೆ ಬಂದು ಅಣ್ಣನಿಗೆ ಎಲ್ಲವನ್ನೂ ತಿಳಿಸಿದೆನು. ಅವನು ಮೊದಲು ಒಪ್ಪಲಿಲ್ಲ. “ಮರೆಯ ಸುತ್ತು ಎಣಿಸುವವರು ಯಾರಿದ್ದಾರೆ? ಬಣ್ಣ ಹೊಡೆಸಿದರೆ ಬಂದೂಕು ಮುಚ್ಚಿಹೋಗುತ್ತದೆ. ಮಾಳಿಗೆ ಅವ್ವನ ತಲೆಯ ಮೇಲೆ ಬಿದ್ದರೆ ಯಾರು ಗತಿ?” ಎಂದನು. ಅವನ ಮಾತಿನಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾರೆ. ಆದರೆ ತಂದೆಯವರು ಒಬ್ಬ ಮುದುಕನ ಮನಸ್ಸು ನೋಯದಿರಲೆಂದು ಹಾಕಿದ ಕೊಕ್ಕರೆಯನ್ನು ನಾವು ಹಣಕ್ಕಾಗಿ ತೋರಿಸಿದರೆ, ಅದೇ ಚಕ್ರ ಬೇರೊಂದು ವಸ್ತುವಾಗಿಬಿಡುವುದು. ಇದನ್ನು ಹೇಳಿದಾಗ ಅಣ್ಣನು ಸುಮ್ಮನಾದನು. ಬಹಳ ಹೊತ್ತಿನ ಮೇಲೆ, “ನೀನು ಹುಟ್ಟಿದಾಗ ಮಾರಿದ್ದು ಅಂದೆಯಲ್ಲ, ಆಗ ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು, ಅಷ್ಟು ನೆನಪಿದೆ” ಎಂದನು. ಶ್ರೀಮಂತರಿಗೆ ಅವನೇ ನಿಜಸ್ಥಿತಿಯನ್ನು ಬರೆದನು. ಅವರು ಸಜ್ಜನರು, ಬೇಡವೆಂದು ಎರಡು ಸಾಲಿನ ಮರ್ಯಾದೆಯ ಉತ್ತರವನ್ನು ಕೊಟ್ಟರು. ಮಾಳಿಗೆಗೆ ಈ ವರ್ಷ ತಗಡು ಹೊದಿಸಿದ್ದೇವೆ. ಮಳೆ ಬಂದಾಗ ಮಾತು ಕೇಳಿಸದಷ್ಟು ಸದ್ದು.

ಬೈಸಿಕಲ್ಲನ್ನು ಸಾಹೇಬರೂ ನಾನೂ ಕೂಡಿ ನಾಲ್ಕು ತಿಂಗಳಲ್ಲಿ ಎಬ್ಬಿಸಿದೆವು. ನಿಯಮ ಒಂದೇ: ಸವೆದುದನ್ನು ಬದಲಾಯಿಸುವುದು, ತಂದೆಯವರು ಮಾಡಿದುದನ್ನು ಮುಟ್ಟದಿರುವುದು. ಟೈರು, ಟ್ಯೂಬು, ಬ್ರೇಕಿನ ರಬ್ಬರು, ಚೈನು, ಕಪ್ಪು, ಗುಂಡುಗಳು ಹೊಸವು. 28 ಅಂಗುಲದ ಟೈರೂ ಸರಳಿನ ಬ್ರೇಕಿಗೆ ಬೇಕಾದ ಸಾಮಾನೂ ನಮ್ಮ ಪೇಟೆಗಳಲ್ಲಿ ಇಂದಿಗೂ ದೊರೆಯುತ್ತವೆ. ಹಾಲು ಹಾಕುವವರ ಬೈಸಿಕಲ್ಲು ಅದೇ ಅಳತೆಯನ್ನು ಉಳಿಸಿಕೊಂಡು ಬಂದಿದೆ. ಸೀಟಿನ ತೊಗಲನ್ನು ನೀರಿನಲ್ಲಿಯೋ ಎಣ್ಣೆಯಲ್ಲಿಯೋ ನೆನೆಸಿದರೆ ಜೋಲುಬೀಳುವುದೆಂದು ಮೋಚಿಯವರು ಎಚ್ಚರಿಸಿ, ಮೇಣದ ಮುಲಾಮನ್ನು ತೆಳ್ಳಗೆ ಹಚ್ಚಿ, ಒಡೆದ ಕಡೆ ಒಳಗಿನಿಂದ ತುಂಡು ಕೊಟ್ಟು ಹೊಲಿದರು. ಹ್ಯಾಂಡಲಿನ ತುಕ್ಕು, ಮಿಠಾಯಿ ಸುತ್ತುವ ಬೆಳ್ಳಿಬಣ್ಣದ ಅಲ್ಯುಮಿನಿಯಂ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದುದಕ್ಕೇ ಬಿಟ್ಟಿತು. ಬಣ್ಣವನ್ನು ಹೊಡೆಸಲಿಲ್ಲ. ಬಂದೂಕುಗಳು ಅರ್ಧ ಮೂಡಿದಂತೆಯೇ ಇವೆ.

ಹಬ್ಬನ್ನು ಬಿಚ್ಚಿದಾಗ ಅದರ ತುಟಿಯಲ್ಲಿ ಕೆಂಪು ಮಣ್ಣು ಕಟ್ಟಿಕೊಂಡಿತ್ತು. ಅದನ್ನು ಗುರುತಿಸಲು ಯಾವ ಸಾಹೇಬರೂ ಬೇಕಾಗಲಿಲ್ಲ. ಅದು ಸಂಡೂರಿನ ಅದಿರಿನ ಧೂಳು. 1953ರಲ್ಲಿ ಅಣೆಕಟ್ಟೆಯ ನೀರು ಕಾಲುವೆಗೆ ಹರಿದ ಮೇಲೆ ಇಲ್ಲಿಯ ಗುಮಾಸ್ತಿಕೆ ತೀರಿ, ತಂದೆಯವರು ಸಂಡೂರಿನ ಗಣಿಯ ಕಚೇರಿಯೊಂದಕ್ಕೆ ಸೇರಿದ್ದರು. ಸೋಮವಾರ ನಸುಕಿನಲ್ಲಿ ಹೊರಟರೆ ಶನಿವಾರ ರಾತ್ರಿ ಮರಳುವರು. ಹೋಗುವಾಗ ಬರುವಾಗ ಏರು ಇಳಿವುಗಳ ಆ ದಾರಿ ಹದಿನೇಳು ಮೈಲಿಗೆ ಕಡಮೆಯಿಲ್ಲ. ಅಂಥ ಏರನ್ನು ಹತ್ತುವವನಿಗೆ ಕಾಲು ಭಾಗ ಹಗುರವೆಂದರೆ ಏನೆಂಬುದನ್ನು ಹತ್ತಿದವನೇ ಬಲ್ಲನು. ಆ ಮಣ್ಣನ್ನು ಚಿಕ್ಕ ಸೀಸೆಯಲ್ಲಿ ತುಂಬಿಟ್ಟಿದ್ದೇನೆ.

ಒಂದು ವಿನೋದವನ್ನು ಹೇಳದಿದ್ದರೆ ವೃತ್ತಾಂತ ಪೂರ್ಣವಾಗದು. ಬಿ.ಎಸ್.ಎ. ಕಂಪೆನಿಯ ಬೈಸಿಕಲ್ಲಿನ ವ್ಯಾಪಾರವನ್ನು ರ‍್ಯಾಲಿಯವರು 1957ರಲ್ಲಿ ಕೊಂಡುಕೊಂಡು ಬಂದೂಕನ್ನೂ ಕೊಕ್ಕರೆಯನ್ನೂ ಒಂದೇ ಸೂರಿನ ಕೆಳಗೆ ತಂದರು. ಹೊಸಪೇಟೆಯ ಒಬ್ಬ ಗುಮಾಸ್ತರು ಅದನ್ನು ಮೂರು ವರ್ಷ ಮೊದಲೇ ತಮ್ಮ ಅಂಗಳದಲ್ಲಿ ಮಾಡಿ ಮುಗಿಸಿದ್ದರು.

ಕೆಲಸ ಮುಗಿದ ದಿನ ಬೆಳಗ್ಗೆ ನಾನು ಕಮಲಾಪುರದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿಬಂದೆನು. ಎಪ್ಪತ್ತಮೂರರ ವಯಸ್ಸಿಗೆ ಅಷ್ಟು ಸಾಕು. ನಡುವಿನ ವೇಗದಲ್ಲಿ ತುಳಿಯುತ್ತಿರುವಾಗ ಹಬ್ಬಿನೊಳಗಿನಿಂದ ಗಡಿಯಾರದಂತೆ ಟಿಕ್ ಟಿಕ್ ಸದ್ದು ಬರುತ್ತಿತ್ತು. ಸಾಧಾರಣ ಬೈಸಿಕಲ್ಲು ತುಳಿಯುವುದನ್ನು ನಿಲ್ಲಿಸಿದಾಗ ಮಾತ್ರ ಸದ್ದು ಮಾಡುವುದು. ಇದು ತುಳಿಯುವಾಗಲೂ ಮಾಡುವುದು. ತಾಯಿಯವರು ಕಟ್ಟೆಯ ಮೇಲೆ ಕುಳಿತಿದ್ದರು. ಹತ್ತಿರ ತರಿಸಿಕೊಂಡು, ಬಗ್ಗಿ, ಕೊಕ್ಕರೆಯ ಕೊರಳಿನ ಮೇಲೆ ಬೆರಳಾಡಿಸಿದರು.

“ತಾತನಿಗೆ ಕೊನೆಯವರೆಗೂ ತಿಳಿಯಲಿಲ್ಲವಲ್ಲ” ಎಂದೆನು.

“ಯಾರು ಹೇಳಿದರು?” ಎಂದರು ಅವರು. “ಆ ವರ್ಷ ತೇರಿಗೆ ಬಂದಾಗ ಮಾವನವರು ಇದೇ ಕಟ್ಟೆಯ ಮೇಲೆ ಕೂತಿದ್ದರು. ನಿಮ್ಮ ಅಪ್ಪ ಕಚೇರಿಯಿಂದ ಸೈಕಲ್ಲಿನ ಮೇಲೆ ಬಂದರು. ಮಾವನವರು ಕಿವಿಗೊಟ್ಟು ಕೇಳಿದರು. ಆಮೇಲೆ ಎದ್ದು ಹೋಗಿ, ದಿನಾ ಮಾಡೋ ಹಂಗೇ ಕೊಕ್ಕರೆ ಮುಟ್ಟಿ ನೋಡಿ, ‘ಸೈಕಲ್ಲು ಈಗ ಮಾತಾಡೋದು ಕಲಿತೈತಲ್ಲಪ್ಪಾ, ಚೆನ್ನಾಗಿ ಇಟ್ಟೀಯ’ ಅಂದರು. ಅಷ್ಟೇ. ಮತ್ತೆ ಯಾವತ್ತೂ ಕೇಳಲಿಲ್ಲ.”

ನಾನು ಬೈಸಿಕಲ್ಲನ್ನು ಒಳಗೆ ತಂದು, ಹಿತ್ತಲ ಕೋಣೆಯಲ್ಲಿ ಅಲ್ಲ, ನಡುಮನೆಯ ಬಾಗಿಲ ಪಕ್ಕದಲ್ಲಿ ನಿಲ್ಲಿಸಿದೆನು. ಈಗ ತರಕಾರಿ ತರುವುದಕ್ಕೆ ಅದನ್ನೇ ಒಯ್ಯುತ್ತೇನೆ. ಅದು ಯಾವ ಕಂಪೆನಿಯದೆಂದು ಯಾರಾದರೂ ಕೇಳಿದರೆ ಕುಳ್ಳಿರಿಸಿಕೊಂಡು ಎಲ್ಲವನ್ನೂ ಹೇಳಬೇಕಾಗುವುದು. ಕೇಳುವವರಿಗೆ ಹೊತ್ತಿದ್ದರೆ ನನಗೂ ಇದೆ.